ಕಂಪ್ಯೂಟರಿನೊಳಗಿನ ಜನಸಂದಣಿಯನ್ನು ನಂಬಬಹುದೇ?

ಪ್ರಶ್ನೆ: ವಿಮಾನ ನಿಲ್ದಾಣದ ಜನಸಂದಣಿಯನ್ನು ಕಟ್ಟಡ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ನಡೆಸಿ ನೋಡುತ್ತಾರಂತೆ. ಅದು ಸರಿಯೆಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಕೊಪ್ಪ, ಮದ್ದೂರು ತಾಲ್ಲೂಕು

ಉತ್ತರ: ಎರಡು ಹಂತದ ಪರೀಕ್ಷೆಯಿಂದ. ಮೊದಲು ಲೆಕ್ಕದ ಪರೀಕ್ಷೆ: ಸೆಕೆಂಡಿಗೆ 1 ಮೀಟರ್ ನಡೆಯುವವರು 40 ಮೀಟರಿನ ಖಾಲಿ ಹಾದಿಯನ್ನು 40 ಸೆಕೆಂಡಿನಲ್ಲಿ ದಾಟಬೇಕು, ಮೂಲೆ ತಿರುಗುವಾಗ ಗೋಡೆಯೊಳಗೆ ನುಗ್ಗಬಾರದು.

ಮುಂದಿನದು ವಾಸ್ತವದೊಡನೆ ಹೋಲಿಕೆ. ಈಗಾಗಲೇ ಇರುವ ನಿಲ್ದಾಣದಲ್ಲಿ ಭದ್ರತಾ ತಪಾಸಣೆಯ ಸಾಲು ಎಷ್ಟು ಬೆಳೆಯಿತು, ಜನ ಎಷ್ಟು ಹೊತ್ತು ಕಾದರು ಎಂಬುದನ್ನು ಕ್ಯಾಮೆರಾ ದೃಶ್ಯಗಳಿಂದ ಅಳೆದು ತಾಳೆ ನೋಡುತ್ತಾರೆ. ಒಂದು ದಿನದ ಅಂಕಿಗಳಿಂದ ಹೊಂದಿಸಿದ ಕಂಪ್ಯೂಟರ್ ಮಾದರಿಯನ್ನು ಬೇರೊಂದು ದಿನದ ಅಂಕಿಗಳಿಂದಲೇ ಪರೀಕ್ಷಿಸಬೇಕು. ಜನರ ನಡೆ ದಿನಕ್ಕೊಂದು ಬಗೆ. ಹಾಗಾಗಿ ಒಂದೇ ಸಲ ಓಡಿಸಿ ತೀರ್ಮಾನಿಸುವಂತಿಲ್ಲ, ಹಲವು ಸಲ ಓಡಿಸಬೇಕು.

ಊರು ಬದಲಾದರೆ ನಡಿಗೆಯೂ ಬದಲು. ಭಾರತೀಯರನ್ನೂ ಜರ್ಮನರನ್ನೂ ಬೇರೆಬೇರೆಯಾಗಿ, ಒಬ್ಬರ ಹಿಂದೊಬ್ಬರಂತೆ ನಡೆಸಿ ಹೋಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ನಮ್ಮವರು ಹೆಚ್ಚು ಒತ್ತಾಗಿ ನಡೆಯುತ್ತಾರೆ, ಸಂದಣಿ ಹೆಚ್ಚಿದರೂ ಅವರ ವೇಗ ಅಷ್ಟಾಗಿ ಕುಗ್ಗುವುದಿಲ್ಲ ಎಂದು ಅದರಲ್ಲಿ ಕಂಡುಬಂತು. ಆದ್ದರಿಂದ ವರ್ಷಕ್ಕೆ 2.5 ಕೋಟಿ ಪ್ರಯಾಣಿಕರಿಗೆಂದು ಕಟ್ಟಿದ ಬೆಂಗಳೂರಿನ ಎರಡನೇ ಟರ್ಮಿನಲ್‌ನಂಥ ಕಡೆ ಯುರೋಪಿನ ಅಂಕಿ ಸಾಲದು. ಟ್ರಾಲಿ ತಳ್ಳುವವರು, ಅಜ್ಜಿಯ ಕೈಹಿಡಿದು ನಿಧಾನಕ್ಕೆ ಸಾಗುವ ಕುಟುಂಬಗಳು, ಎಲ್ಲರನ್ನೂ ಇಲ್ಲೇ ಅಳೆಯಬೇಕು. ಅಂಥ ಅಳತೆಯಿಲ್ಲದ ಮಾದರಿ ಪರದೆಯ ಮೇಲೆ ಎಷ್ಟೇ ಚೆಂದ ಕಂಡರೂ ನಂಬಬೇಡಿ.