ಆಂಬುಲೆನ್ಸ್‌ಗೂ ಬೇಕು ಪರೀಕ್ಷೆ, ಮಾರ್ಕ್ಸ್ ಕಾರ್ಡ್!

ಆಂಬುಲೆನ್ಸ್ ಎಂದರೆ ಕಣ್ಣ ಮುಂದೆ ಬರುವುದು ಸೈರನ್, ಮಿನುಗುವ ದೀಪ, ಟ್ರಾಫಿಕ್ ಸೀಳಿಕೊಂಡು ಓಡುವ ಗಾಡಿ. ಆದರೆ ಅದನ್ನು ಹತ್ತುವವರೆಲ್ಲ ಅಪಘಾತದ ಗಾಯಾಳುಗಳಲ್ಲ. ಡಯಾಲಿಸಿಸ್‌ಗೆ ಹೋಗಿ ಬರುವವರು, ಡಿಸ್ಚಾರ್ಜ್ ಆಗಿ ಮನೆಗೆ ಮರಳುವ ವೃದ್ಧರು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವವರೂ ಇರುತ್ತಾರೆ. ಇವರಿಗೆ ವೇಗಕ್ಕಿಂತ ಹೆಚ್ಚಾಗಿ ಬೇಕಿರುವುದು ಸುರಕ್ಷಿತ ಪ್ರಯಾಣ.

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಮ್ಮ ತಂಡ ಆಯ್ದುಕೊಂಡಿದ್ದು ಆಂಬುಲೆನ್ಸ್ ಸಿಲಿಂಡರ್‌ನಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ತೋರಿಸುವ ಸೆನ್ಸರ್. ಅದಕ್ಕಾಗಿ ಮಾಹಿತಿ ಹುಡುಕುವಾಗ ಇಂಗ್ಲೆಂಡ್‌ನ ಕೇರ್ ಕ್ವಾಲಿಟಿ ಕಮಿಷನ್, ಅಂದರೆ ಸಿಕ್ಯೂಸಿಯ ತಪಾಸಣಾ ವರದಿಗಳು ಸಿಕ್ಕವು. ಯಾರು ಬೇಕಾದರೂ ಓದಬಹುದಾದ ವರದಿಗಳವು.

ಅಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ರೋಗಿಗಳನ್ನು ಕರೆದೊಯ್ಯುವ ಗುತ್ತಿಗೆಯನ್ನು ಖಾಸಗಿ ಕಂಪನಿಗಳೂ ಪಡೆಯುತ್ತವೆ. 2008ರ ಕಾಯ್ದೆಯೊಂದರ ಪ್ರಕಾರ ಸಿಕ್ಯೂಸಿಯಲ್ಲಿ ನೋಂದಣಿ ಇಲ್ಲದೆ ಇಂಥ ಸೇವೆ ನಡೆಸುವುದು ಅಪರಾಧ. ನೋಂದಣಿಯ ನಂತರವೂ ತಪಾಸಕರು ಬರುತ್ತಾರೆ, ಕೆಲವೊಮ್ಮೆ ಹೇಳದೆ ಕೇಳದೆ!

ಅವರ ಬಳಿ ಐದು ಪ್ರಶ್ನೆಗಳಿರುತ್ತವೆ. ಸೇವೆ ಸುರಕ್ಷಿತವೇ? ಪರಿಣಾಮಕಾರಿಯೇ? ಕಾಳಜಿ ಇದೆಯೇ? ರೋಗಿಯ ಅಗತ್ಯಕ್ಕೆ ಸ್ಪಂದಿಸುತ್ತದೆಯೇ? ಆಡಳಿತ ಸರಿಯಿದೆಯೇ? ಉತ್ತರ ನೋಡಿ ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಅಸಮರ್ಪಕ ಎಂಬ ನಾಲ್ಕರಲ್ಲಿ ಒಂದು ದರ್ಜೆ ಕೊಡುತ್ತಾರೆ. ಪರಿಸ್ಥಿತಿ ತೀರಾ ಕೆಟ್ಟಿದ್ದರೆ ನೋಂದಣಿಯನ್ನೇ ಅಮಾನತು ಮಾಡಬಹುದು.

ನನಗೆ ಹಿಡಿಸಿದ್ದು ಅವರು ನೋಡುವ ಸಣ್ಣ ಸಣ್ಣ ಸಂಗತಿಗಳು. ಆಕ್ಸಿಜನ್ ಸಿಲಿಂಡರ್ ಅಲುಗಾಡದಂತೆ ಕಟ್ಟಿದ್ದಾರೆಯೇ? ಮಾಸ್ಕ್, ಬ್ಯಾಂಡೇಜ್‌ಗಳ ಅವಧಿ ಮುಗಿದಿದೆಯೇ? ಸ್ಟ್ರೆಚರ್ ಕೊನೆಯ ಸಲ ಸರ್ವೀಸ್ ಆಗಿದ್ದು ಯಾವಾಗ? ಗಾಡಿ ತೊಳೆದ ದಾಖಲೆ ಎಲ್ಲಿ? ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸಿದ್ದೀರಾ, ತರಬೇತಿ ಕೊಟ್ಟಿದ್ದೀರಾ? 'ಎಲ್ಲಾ ಮಾಡಿದ್ದೇವೆ ಸಾರ್' ಎಂದರೆ ನಡೆಯುವುದಿಲ್ಲ, ದಾಖಲೆ ತೋರಿಸಬೇಕು.

ಓದುತ್ತಿದ್ದಾಗ ಅಜ್ಜಿಯ ನೆನಪಾಯಿತು. ಸೊಂಟದ ಆಪರೇಷನ್ ಆದ ಮೇಲೆ ಅವರನ್ನು ಖಾಸಗಿ ಆಂಬುಲೆನ್ಸ್‌ನಲ್ಲಿ ಊರಿಗೆ ಕರೆತಂದಿದ್ದೆವು. ಸ್ಟ್ರೆಚರ್ ಬೆಲ್ಟ್‌ನ ಬಕಲ್ ಮುರಿದಿತ್ತು. ದಾರಿಯುದ್ದಕ್ಕೂ ಅಮ್ಮ ಒಂದು ಕಡೆ, ನಾನು ಇನ್ನೊಂದು ಕಡೆ ಅಜ್ಜಿಯನ್ನು ಹಿಡಿದುಕೊಂಡೇ ಕೂತೆವು. ಪ್ರತಿ ಹಂಪ್‌ಗೂ ಅಜ್ಜಿ ಹಲ್ಲು ಕಚ್ಚುತ್ತಿದ್ದರು. 'ಓನರ್‌ಗೆ ಹೇಳಿದೀನಿ ಅಕ್ಕಾ, ಹಾಕಿಸ್ತೀನಿ ಅಂದಿದಾರೆ' ಎಂದರು ಡ್ರೈವರ್ ಅಣ್ಣ. ಪಾಪ, ಅವರ ಕೈಯಲ್ಲಾದರೂ ಏನಿತ್ತು? ಗಾಡಿಯ ಎಫ್‌ಸಿ ಸರಿಯಾಗಿಯೇ ಇತ್ತು. ಬಕಲ್ ಬಗ್ಗೆ ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ನಿಯಮವೇ ಇಲ್ಲ ಎಂದಲ್ಲ. ಎಐಎಸ್-125 ಎಂಬ ರಾಷ್ಟ್ರೀಯ ಮಾನದಂಡ ಆಂಬುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವಿಧ ಮಾಡಿದೆ. ಇದರಲ್ಲಿ 'ಬಿ' ಎಂದರೆ ರೋಗಿಗಳನ್ನು ಸಾಗಿಸುವ ಗಾಡಿ. ಅದು ಹೇಗಿರಬೇಕು ಎಂದು ಬರೆದಿದೆ. ಆದರೆ ರಸ್ತೆಗಿಳಿದು ವರ್ಷಗಳಾದ ಗಾಡಿಯೊಳಗೆ ಇವತ್ತು ಏನಿದೆ ಎಂಬುದು ರೋಗಿಯ ಮನೆಯವರಿಗೆ ತಿಳಿಯಬೇಕಲ್ಲವೇ? ಅಜ್ಜಿಗಾಗಿ ಹುಡುಕಿದಾಗ ನಮಗೆ ಸಿಕ್ಕಿದ್ದು ಫೋನ್ ನಂಬರ್ ಮತ್ತು ಕಿಲೋಮೀಟರ್ ದರ, ಅಷ್ಟೇ.

ವರದಿಗಳನ್ನು ಓದಿದ ಮೇಲೆ ನಮ್ಮ ಪ್ರಾಜೆಕ್ಟ್‌ಗೆ ಒಂದು ಅಂಶ ಸೇರಿಸಿದೆವು. ಸೆನ್ಸರ್ ಈಗ ಆಕ್ಸಿಜನ್ ಮಟ್ಟ ತೋರಿಸುವುದರ ಜೊತೆಗೆ ದಿನಾಂಕ, ಸಮಯ ಸಮೇತ ಅದನ್ನು ಉಳಿಸಿಡುತ್ತದೆ. ನಾಳೆ ಯಾರಾದರೂ ತಪಾಸಣೆಗೆ ಬಂದರೆ ತೋರಿಸಲು ಒಂದು ದಾಖಲೆ ಇರಲಿ ಎಂದು.

ಗೆಳೆಯರೇ, ಮನೆಯಲ್ಲಿ ಆಂಬುಲೆನ್ಸ್ ಬುಕ್ ಮಾಡುವ ಕೆಲಸ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ. ಜೀವಕ್ಕೆ ಅಪಾಯವಿದ್ದರೆ ಯೋಚಿಸದೆ 108ಕ್ಕೆ ಕರೆ ಮಾಡಿ. ಅವಸರವಿಲ್ಲದ ಪ್ರಯಾಣವಾದರೆ ದರ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಸ್ಟ್ರೆಚರ್ ಬೆಲ್ಟ್ ಸರಿಯಿದೆಯಾ? ಆಕ್ಸಿಜನ್ ಎಷ್ಟಿದೆ? ಜೊತೆಯಲ್ಲಿ ತರಬೇತಿ ಪಡೆದವರು ಬರುತ್ತಾರಾ? ಕೇಳುವವರು ಹೆಚ್ಚಾದರೆ ಓನರ್ ಬಕಲ್ ಹಾಕಿಸಿಯೇ ಹಾಕಿಸುತ್ತಾರೆ.