ಮಾರ್ಟರ್ ಹೊತ್ತ ಪುಟ್ಟ ಬಂಡಿ

ಎರಡನೇ ಮಹಾಯುದ್ಧದ ಹಳೆಯ ಫೋಟೊಗಳಲ್ಲಿ ದೈತ್ಯ ಟ್ಯಾಂಕ್‌ಗಳ ಪಕ್ಕದಲ್ಲಿ ಆಳೆತ್ತರವೂ ಇಲ್ಲದ, ಮೇಲೆ ಮುಚ್ಚಳವೂ ಇಲ್ಲದ ಒಂದು ಸರಪಳಿ ಬಂಡಿ ಕಾಣಿಸುತ್ತದೆ. ಹೆಸರು ಯೂನಿವರ್ಸಲ್ ಕ್ಯಾರಿಯರ್. ಬ್ರೆನ್ ಗನ್ ಹೊತ್ತು ಓಡಾಡುತ್ತಿದ್ದುದರಿಂದ ಸೈನಿಕರು ಕರೆದದ್ದು ‘ಬ್ರೆನ್ ಕ್ಯಾರಿಯರ್’ ಎಂದು. ಯುದ್ಧಕಥೆಗಳಲ್ಲಿ ಇದಕ್ಕೆ ಸಿಕ್ಕ ಜಾಗ ಕಡಿಮೆ. ಆದರೆ 1934ರಿಂದ 1960ರವರೆಗೆ ತಯಾರಾದ ಈ ಬಂಡಿಗಳ ಸಂಖ್ಯೆ ಸುಮಾರು 1 ಲಕ್ಷ 13 ಸಾವಿರ. ಬ್ರಿಟನ್ ಅಲ್ಲದೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕಾರ್ಖಾನೆಗಳೂ ಇದನ್ನು ತಯಾರಿಸಿದವು. ಸಂಖ್ಯೆಯಲ್ಲಿ ಇದನ್ನು ಮೀರಿಸಿದ ಇನ್ನೊಂದು ಕವಚವಾಹನ ಇಲ್ಲ.

ಜಾನ್ ಕಾರ್ಡೆನ್ ಮತ್ತು ವಿವಿಯನ್ ಲಾಯ್ಡ್ 1920ರ ದಶಕದಲ್ಲಿ ರೂಪಿಸಿದ್ದ ಪುಟ್ಟ ಟ್ಯಾಂಕೆಟ್‌ಗಳೇ ಇದರ ಮೂಲ. ಫೋರ್ಡ್ ಕಂಪನಿಯ 85 ಅಶ್ವಶಕ್ತಿಯ ವಿ8 ಎಂಜಿನ್, ನಾಲ್ಕು ಟನ್ನಿಗೂ ಕಡಿಮೆ ತೂಕ, ಗಂಟೆಗೆ ಸುಮಾರು 48 ಕಿ.ಮೀ. ವೇಗ. ಎಂಜಿನ್ ಹಿಂಭಾಗದ ನಡುವೆ ಕೂತಿದ್ದರಿಂದ ಅದರ ಎಡಬಲದಲ್ಲಿ ಸರಕಿಗೆ, ಸೈನಿಕರಿಗೆ ಜಾಗ. ಉಕ್ಕಿನ ಕವಚದ ದಪ್ಪ 7ರಿಂದ 10 ಮಿ.ಮೀ. ಮಾತ್ರ. ಬಂದೂಕಿನ ಗುಂಡನ್ನೂ ಶೆಲ್‌ನ ಚೂರನ್ನೂ ಅದು ತಡೆಯುತ್ತಿತ್ತು, ಅಷ್ಟೆ.

ಕೆಳಗಿನಿಂದ ಬರುವ ಏಟಿಗಂತೂ ಅದರಲ್ಲಿ ಉತ್ತರವಿರಲಿಲ್ಲ. 1941ರಲ್ಲಿ ಅಬಿಸೀನಿಯಾದಲ್ಲಿ ಬಾಂಬೆ ಸ್ಯಾಪರ್ಸ್‌ನ ತರುಣ ಅಧಿಕಾರಿ ಪ್ರೇಮೀಂದ್ರ ಸಿಂಗ್ ಭಗತ್ ಇಂಥದೇ ಕ್ಯಾರಿಯರ್‌ನಲ್ಲಿ ಕೂತು ನೆಲಬಾಂಬ್‌ಗಳನ್ನು ತೆರವುಗೊಳಿಸುತ್ತಾ ಪಡೆಯ ಮುಂದೆ ಸಾಗಿದರು. ಎರಡು ಸಲ ಅವರ ಕ್ಯಾರಿಯರ್ ಸ್ಫೋಟಕ್ಕೆ ಸಿಕ್ಕಿತು. ಜತೆಗಿದ್ದವರು ಗಾಯಗೊಂಡರು, ಪ್ರಾಣ ಕಳೆದುಕೊಂಡರು. ಭಗತ್ ಕೆಲಸ ನಿಲ್ಲಿಸಲಿಲ್ಲ. ಆ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು.

ಎರಡು ಇಂಚಿನ ಹೊಗೆ

ಇಷ್ಟು ತೆಳುವಾದ ಬಂಡಿಗೆ ಶತ್ರುವಿನ ಎದುರು ನಿಂತು ಕಾದಾಡುವ ಶಕ್ತಿ ಇರಲಿಲ್ಲ. ನುಗ್ಗಬೇಕು, ಗುಂಡು ಹಾರಿಸಬೇಕು, ಕಣ್ಣಿಗೆ ಬೀಳದಂತೆ ಜಾರಿಕೊಳ್ಳಬೇಕು. ಜಾರಿಕೊಳ್ಳಲು ಬೇಕಾದದ್ದು ಹೊಗೆ. ಅದಕ್ಕೆ ಒದಗಿದ್ದು ಹೊಗೆಬಾಂಬನ್ನು ಮೇಲಕ್ಕೆ ಎಸೆಯುವ ಪುಟ್ಟ ನಳಿಗೆ, ಎರಡು ಇಂಚಿನ ಮಾರ್ಟರ್. ತೂಕ ಐದು ಕಿಲೊಗಿಂತ ಕಡಿಮೆ, ಬಾಂಬಿನ ತೂಕ ಸುಮಾರು ಒಂದು ಕಿಲೊ, ಎಸೆತದ ದೂರ ಸುಮಾರು 460 ಮೀಟರ್. ದೊಡ್ಡ ಮಾರ್ಟರ್‌ಗಳಲ್ಲಿ ಬಾಂಬನ್ನು ನಳಿಗೆಯೊಳಗೆ ಬಿಟ್ಟ ಕೂಡಲೇ ಅದು ತಳದ ಮೊಳೆಗೆ ಬಡಿದು ಹಾರುತ್ತದೆ. ಇದರಲ್ಲಿ ಬಾಂಬು ಇಳಿಸಿದ ಮೇಲೆ ಕುದುರೆ ಎಳೆಯಬೇಕು. ಹಾಗಾಗಿ ನಳಿಗೆಯನ್ನು ತೀರಾ ಬಗ್ಗಿಸಿಯೂ ಹಾರಿಸಬಹುದಿತ್ತು. ಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ಪದಾತಿದಳದ ಕ್ಯಾರಿಯರ್ ಪ್ಲಟೂನ್‌ನಲ್ಲಿ ಒಟ್ಟು 13 ಬಂಡಿ. ಮೂರು ಬಂಡಿಗೆ ಒಂದು ಸೆಕ್ಷನ್. ಪ್ರತಿ ಸೆಕ್ಷನ್ನಿಗೂ ಇಂಥ ಒಂದು ಮಾರ್ಟರ್.

ಭಾರ ಬಾಂಬಿನದು

ಮೂರು ಇಂಚಿನ ಮಾರ್ಟರ್‌ನ ಲೆಕ್ಕವೇ ಬೇರೆ. ನಳಿಗೆ, ಎರಡು ಕಾಲಿನ ಆಸರೆ, ತಳದ ಬೇಸ್ ಪ್ಲೇಟ್ ಸೇರಿ ಅದರ ತೂಕ ಐವತ್ತು ಕಿಲೊ ದಾಟುತ್ತಿತ್ತು. ಬಿಚ್ಚಿದರೆ ಮೂವರು ಹೊತ್ತುಕೊಂಡು ನಡೆಯಬಹುದು. ನಿಜವಾದ ತೊಂದರೆ ಬಾಂಬುಗಳದು. ಒಂದೊಂದೂ ಸುಮಾರು ನಾಲ್ಕೂವರೆ ಕಿಲೊ. ನಿಮಿಷಕ್ಕೆ ಹತ್ತು ಬಾಂಬು ಹಾರಿಸಿದರೆ 45 ಕಿಲೊ ಖಾಲಿ. ಮಾರ್ಟರ್ ಅನ್ನು ಮೂವರು ಹೊತ್ತು ತಂದರೂ ಅದರ ಹತ್ತು ನಿಮಿಷದ ಹಸಿವು ತಣಿಸಲು ನೂರು ಬಾಂಬು ಬೇಕು. ಅಷ್ಟನ್ನು ಕೆಸರು, ಗುಂಡಿ, ಉತ್ತ ಹೊಲ ದಾಟಿಸಿ ತರುವವರು ಯಾರು?

ಕ್ಯಾರಿಯರ್ ಬಿಡಿಸಿದ್ದು ಈ ಗಂಟನ್ನು. ಬ್ರಿಟಿಷರು ಮಾರ್ಟರ್‌ಗೆಂದೇ ಒಂದು ಮಾದರಿ ಮಾಡಿ, ಬಿಚ್ಚಿದ ಭಾಗಗಳನ್ನು ಹಿಂಬದಿಗೆ ಕಟ್ಟಿದರು, ಒಳಗೆ ಬಾಂಬು ಜೋಡಿಸಿದರು. ಸ್ಥಳ ತಲುಪಿದ ಮೇಲೆ ಮಾರ್ಟರ್ ಇಳಿಸಿ ಗುಂಡಿಯಲ್ಲಿ ನಿಲ್ಲಿಸುವುದು, ಬಂಡಿಯನ್ನು ಮರೆಗೆ ಕಳಿಸುವುದು ರೂಢಿ. ಬಂಡಿಯ ಮೇಲಿಂದಲೇ ಹಾರಿಸುವ ಗೋಜಿಗೆ ಅವರು ಹೋಗಲಿಲ್ಲ.

ಅದಕ್ಕೆ ಕಾರಣವಿತ್ತು. ತೋಪಿಗೆ ಇರುವಂತೆ ಹಿಮ್ಮೆಟ್ಟುವ ರಭಸ ನುಂಗುವ ಏರ್ಪಾಡು ಇಂಥ ಮಾರ್ಟರ್‌ಗೆ ಇಲ್ಲ. ನಳಿಗೆ ಆಕಾಶಕ್ಕೆ ಮುಖ ಮಾಡಿರುವುದರಿಂದ ಒದೆತದ ಬಹುಪಾಲು ನೇರ ಕೆಳಕ್ಕೆ, ಬೇಸ್ ಪ್ಲೇಟಿನ ಮೂಲಕ ಮಣ್ಣಿಗೆ. ಮಣ್ಣಿನ ಬದಲು ಸ್ಪ್ರಿಂಗ್ ಮೇಲೆ ಕೂತ ತೆಳು ತಗಡಿನ ನೆಲ ಇದ್ದರೆ, ಹಗ್ಗದ ಮಂಚದ ಮೇಲೆ ಒರಳಿಟ್ಟು ಭತ್ತ ಕುಟ್ಟಿದ ಹಾಗೆ. ಪ್ರತಿ ಏಟಿಗೂ ಬಂಡಿ ಓಲಾಡುತ್ತದೆ, ಗುರಿ ಕದಲುತ್ತದೆ.

ಆಸ್ಟ್ರೇಲಿಯಾದ ಪ್ರಯೋಗ

ಈ ಸವಾಲನ್ನು ಕೈಗೆತ್ತಿಕೊಂಡವರು ಆಸ್ಟ್ರೇಲಿಯನ್ನರು. ಅವರು ಮೊದಲು ಕ್ಯಾರಿಯರ್ ಅನ್ನು ಉದ್ದಮಾಡಿ, ಎಂಜಿನ್ನನ್ನು ಮುಂದಿನ ಎಡಭಾಗಕ್ಕೆ ಸರಿಸಿ, ಹಿಂಬದಿಯಲ್ಲಿ ಎರಡು ಪೌಂಡರ್ ಟ್ಯಾಂಕ್ ನಿರೋಧಕ ತೋಪು ಕೂರಿಸಿದ್ದರು. ಅದೇ ವಿನ್ಯಾಸದಲ್ಲಿ ತೋಪಿನ ಜಾಗಕ್ಕೆ ಮೂರು ಇಂಚಿನ ಮಾರ್ಟರ್ ಬಂತು. ಸುತ್ತಲೂ 360 ಡಿಗ್ರಿ ತಿರುಗಿಸಿ ಹಾರಿಸಬಹುದು, ಬೇಕೆಂದರೆ ಇಳಿಸಿ ನೆಲದಿಂದಲೂ ಹಾರಿಸಬಹುದು. ಇಂಥ 400 ಬಂಡಿಗಳು ತಯಾರಾದವು. ಕೊನೆಗೆ ಅವನ್ನು ನೆರವಿನ ಲೆಕ್ಕದಲ್ಲಿ ಚೀನಾದ ರಾಷ್ಟ್ರೀಯವಾದಿ ಸೇನೆಗೆ ಕಳಿಸಲಾಯಿತು.

ಜರ್ಮನರೂ ಅಮೆರಿಕನ್ನರೂ ಇದೇ ಹಾದಿಯಲ್ಲಿದ್ದರು, ಆದರೆ ಮುಂದೆ ಗಾಲಿ, ಹಿಂದೆ ಸರಪಳಿ ಇರುವ ದೊಡ್ಡ ಅರೆಸರಪಳಿ ವಾಹನಗಳಲ್ಲಿ. ಅಮೆರಿಕದ ಎಂ4 ಮಾದರಿಯಲ್ಲಿ ಮಾರ್ಟರ್ ಅನ್ನು ಇಳಿಸಿ ಹಾರಿಸಬೇಕೆಂಬುದೇ ಮೂಲ ಯೋಚನೆ. ಮುಂದೆ ಬಂದ ಎಂ21ರಲ್ಲಿ ವಾಹನದೊಳಗಿಂದಲೇ ಮುಂದಕ್ಕೆ ಹಾರಿಸುವ ವ್ಯವಸ್ಥೆ ಇತ್ತು.

ಇಳಿಸಲು ಪುರುಸೊತ್ತಿಲ್ಲದ ಕಾಲ

ಇಂದು ಹಾರಿಬಂದ ಬಾಂಬಿನ ಜಾಡು ಹಿಡಿದು, ಅದು ಹೊರಟ ಜಾಗವನ್ನು ರೇಡಾರ್ ತಕ್ಷಣ ಪತ್ತೆಹಚ್ಚುತ್ತದೆ. ಮೇಲೆ ಡ್ರೋನ್‌ಗಳ ಕಣ್ಣಿದೆ. ಗುಂಡಿ ತೋಡಿ ಮಾರ್ಟರ್ ನಿಲ್ಲಿಸಿ ಅಲ್ಲೇ ಕೂರುವುದು ಅಪಾಯಕಾರಿ. ಹಾರಿಸಿದ ಕೂಡಲೇ ಜಾಗ ಖಾಲಿ ಮಾಡಬೇಕು.

ಭಾರತದ ಸೇನೆಯಲ್ಲೂ ಈ ಬದಲಾವಣೆ ಕಾಣುತ್ತದೆ. ಬಿಎಂಪಿ-2 ವಾಹನವನ್ನು ಆಧರಿಸಿ ಡಿಆರ್‌ಡಿಒ ರೂಪಿಸಿದ ಕ್ಯಾರಿಯರ್ ಮಾರ್ಟರ್ ಟ್ರ್ಯಾಕ್ಡ್‌ನಲ್ಲಿ 81 ಮಿ.ಮೀ. ಮಾರ್ಟರ್ ವಾಹನದ ಹೊಟ್ಟೆಯೊಳಗೇ ಇದೆ. ಛಾವಣಿಯ ಬಾಗಿಲು ತೆರೆದು ಹಾರಿಸುತ್ತಾರೆ. ಒಳಗೆ 108 ಬಾಂಬುಗಳಿಗೆ ಜಾಗವಿದೆ.

ಮಾರ್ಟರ್ ಬಂಡಿಯಿಂದ ಇಳಿಯಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಅಂದಿನ ಬ್ರಿಟಿಷರದು ತಪ್ಪಲ್ಲ. ಅವರ ತೆಳು ಬಂಡಿಗೆ, ಅವರ ಯುದ್ಧಕ್ಕೆ ಆ ಉತ್ತರ ಸರಿಯಾಗಿತ್ತು. ಆದರೆ ಕಾಲ ಒಪ್ಪಿಕೊಂಡದ್ದು ಆಸ್ಟ್ರೇಲಿಯನ್ನರ ಉತ್ತರವನ್ನು.