ತೊಗಟೆಯಿಂದ ಡ್ರಿಪ್ ಬಾಟಲಿಗೆ 30 ವರ್ಷ

ಅಂಕೋಲೆಯಲ್ಲಿರುವ ನನ್ನ ಚಿಕ್ಕಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಮೊದಲ ಕೀಮೋ ಫಲ ಕೊಡಲಿಲ್ಲ. ಎರಡನೆಯದಕ್ಕೆ ಮಂಗಳೂರಿಗೆ ಹೊರಡುವ ಹಿಂದಿನ ದಿನ ಕಾರವಾರದ ನೆಂಟರೊಬ್ಬರು ಪೊಟ್ಟಣವೊಂದನ್ನು ಹಿಡಿದು ಬಂದರು. ಘಟ್ಟದ ಯಾವುದೋ ಮರದ ತೊಗಟೆ. “ಕುದಿಸಿ ಕುಡಿದ್ರೆ ಸಾಕು, ಆಸ್ಪತ್ರೆ ಎಂಥಕ್ಕೆ? ಇದರಲ್ಲಿ ಕ್ಯಾನ್ಸರ್ ಕೊಲ್ಲೋ ಅಂಶ ಇದೆ ಅಂತ ವಿಜ್ಞಾನಿಗಳೇ ಹೇಳಿದಾರೆ.” ಚಿಕ್ಕಮ್ಮ ನನ್ನ ಮುಖ ನೋಡಿದಳು.

ಕಷ್ಟ ಏನೆಂದರೆ, ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಹ್ಯಾದ್ರಿಯಲ್ಲಿ ದುರ್ವಾಸನೆ ಮರ ಅಂತ ಒಂದಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ಇದೆಯೆಂದು ಮುಂಬೈಯ ಸೀಬಾ ಸಂಶೋಧನಾ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದೇ ವಸ್ತುವನ್ನು ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿ 1966ರಲ್ಲೇ ಪ್ರಕಟಿಸಿದ್ದರು. ಆಮೇಲೆ ಹೊರದೇಶದ ಬೇಡಿಕೆಗೆ ನಮ್ಮ ಘಟ್ಟದ ಮರಗಳು ಸಿಕ್ಕಾಪಟ್ಟೆ ಕಡಿದುಹೋದವು; ಅದು ಬೇರೆಯೇ ಕಥೆ.

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವುದು ದೊಡ್ಡ ಮಾತಲ್ಲ, ಬ್ಲೀಚಿಂಗ್ ಪೌಡರೂ ಸಾಯಿಸುತ್ತದೆ. ಮನುಷ್ಯನನ್ನು ಉಳಿಸಿಕೊಂಡು ಅದನ್ನು ಮಾಡಬೇಕು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗದು. ಕರಗುವಂತೆ ಉಪ್ಪಿನ ರೂಪಕ್ಕೆ ತಂದು ರೋಗಿಗಳಿಗೆ ಕೊಟ್ಟರು. ಗುಣ ಕಾಣಿಸಿದ್ದು ಕಡಿಮೆ. ಮೂತ್ರಕೋಶದಿಂದ ರಕ್ತ, ವಿಪರೀತ ಭೇದಿ. 1970ರ ದಶಕದ ಆರಂಭದಲ್ಲೇ ಪ್ರಯೋಗ ನಿಲ್ಲಿಸಿದರು.

ಮತ್ತೆ ಜೀವ ಬಂದದ್ದು 1985ರಲ್ಲಿ, ಅದು ಕೆಲಸ ಮಾಡುವ ಬಗೆ ತಿಳಿದಾಗ. ಹುರಿ ಹಾಕಿದ ಕತ್ತದ ಹಗ್ಗದ ಎರಡು ಎಳೆಗಳನ್ನು ಜಗ್ಗಿ ಬೇರೆ ಮಾಡಿ ನೋಡಿ, ಮುಂದಿನ ಭಾಗ ಗಂಟುಗಂಟಾಗಿ ಬಿಗಿಯುತ್ತದೆ. ಕೋಶ ಒಡೆದು ಎರಡಾಗುವಾಗ ಡಿಎನ್ಎಗೂ ಇದೇ ಪಾಡು. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆ ಕತ್ತರಿಸಿ, ಹುರಿ ಬಿಚ್ಚಿ, ಮತ್ತೆ ಬೆಸೆಯುತ್ತದೆ. ಕತ್ತರಿಸಿದ ಜಾಗಕ್ಕೆ ಕ್ಯಾಂಪ್ಟೊಥೆಸಿನ್ ಹೋಗಿ ಸಿಕ್ಕಿಕೊಂಡರೆ ಬೆಸುಗೆ ಆಗುವುದಿಲ್ಲ. ಪದೇಪದೇ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಏಟು ಜಾಸ್ತಿ. ಕರುಳಿನ ಒಳಪದರವೂ ಬೇಗ ಬೇಗ ಒಡೆಯುವಂಥದ್ದೇ, ಅದಕ್ಕೂ ಏಟು ಬೀಳುತ್ತದೆ.

ಅಣುವನ್ನು ತಿದ್ದಿ ಮಾಡಿದ ಇರಿನೊಟೆಕಾನ್ ಜಪಾನಿನ ಯಾಕುಲ್ಟ್ ಕಂಪನಿಯದು (ಹೌದು, ಪುಟ್ಟ ಬಾಟಲಿಯ ಹುಳಿಹಾಲಿನವರೇ). ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ನನಗೆ ಮುಖ್ಯವೆನಿಸುವುದು 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಯೋಗ. ಚಿಕ್ಕಮ್ಮನ ಹಾಗೆ ಮೊದಲ ಔಷಧಿ ಫಲಿಸದ 279 ಕರುಳಿನ ಕ್ಯಾನ್ಸರ್ ರೋಗಿಗಳು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಇರಿನೊಟೆಕಾನ್ ಪಡೆದವರಲ್ಲಿ ಒಂದು ವರ್ಷ ಬದುಕಿದ್ದವರು ಶೇ. 36, ಬರೀ ಆರೈಕೆ ಪಡೆದವರಲ್ಲಿ ಶೇ. 14. ಪವಾಡ ಏನಲ್ಲ. ಆದರೆ ಎಷ್ಟು ಉಪಯೋಗ ಅಂತ ಗೊತ್ತು.

ನೆಂಟರ ಹತ್ತಿರ ಕೇಳಿದೆ, “ಯಾವ ಮರದ್ದು? ಎಷ್ಟು ಹಾಕಬೇಕು?” “ಒಂದು ಮುಷ್ಟಿ” ಅಂದರು. ಮರದ ಹೆಸರು ಅವರಿಗೂ ಗೊತ್ತಿರಲಿಲ್ಲ. ಒಂದು ವೇಳೆ ಅದೇ ಮರವಾಗಿದ್ದರೂ ಒಂದರಲ್ಲಿದ್ದಷ್ಟು ಅಂಶ ಇನ್ನೊಂದರಲ್ಲಿರುವುದಿಲ್ಲ.

ಮರುದಿನ ರೈಲು ಹತ್ತಿದೆವು. ಮಂಗಳೂರಿನಲ್ಲಿ ಅವಳಿಗೆ ಹಾಕಿದ್ದು ಇರಿನೊಟೆಕಾನ್ ಇರುವ ಕೀಮೋನೇ. “ಅವ ತಂದ ತೊಗಟೆಯ ಸಂಬಂಧಿಕನೇ ಇದು ಹಂಗಾರೆ?” ಅಂತ ಡ್ರಿಪ್ ನೋಡಿ ನಕ್ಕಳು. ಭೇದಿ ಶುರುವಾದರೆ ಯಾವ ಮಾತ್ರೆ, ಎಷ್ಟು ಹೊತ್ತಿಗೊಮ್ಮೆ, ಯಾವಾಗ ಫೋನ್ ಮಾಡಬೇಕು ಅಂತ ನರ್ಸ್ ಬರೆದುಕೊಟ್ಟ ಚೀಟಿ ಈಗ ಅಡುಗೆಮನೆಯ ಗೋಡೆಯ ಮೇಲಿದೆ. ಸ್ಕ್ಯಾನ್ ಮುಂದಿನ ತಿಂಗಳು.